ಕಲಬುರಗಿ ಬಿಸಿಲಿಗೆ ಬಣ್ಣದ ಎಲೆಯ ಗಿಡಗಳು

ಅಕ್ಕಾ, ಮಾಳಿಗೆ ಮೇಲೆ ದಿನವಿಡೀ ಬಿಸಿಲು, ಪೆಟುನಿಯಾ ಒಣಗಿತು, ಹೊಸದಾಗಿ ತಂದ ಕ್ರೋಟನ್ ವಾರದಲ್ಲೇ ಎಲೆ ಉದುರಿಸಿತು, ಇನ್ನು ಬಣ್ಣಕ್ಕೆ ಯಾವ ಗಿಡ ಇಡಲಿ ಅಂತ ಕೇಳಿದ್ದೀರಿ.

ಮೊದಲು ಆ ಕ್ರೋಟನ್ ಕಿತ್ತು ಎಸೆಯಬೇಡಿ. ಜಾಗ ಬದಲಾದರೆ ಎಲೆ ಉದುರಿಸುವುದು ಅದರ ಹುಟ್ಟುಗುಣ. ಜೊತೆಗೆ ನರ್ಸರಿಯಲ್ಲಿ ಶೇಡ್ ನೆಟ್ ಕೆಳಗೆ ಬೆಳೆದದ್ದು, ಒಮ್ಮೆಲೇ 40 ಡಿಗ್ರಿಗೆ ತಂದಿಟ್ಟರೆ ಹೇಗೆ ತಡೆಯಬೇಕು? ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ, ಗೊಬ್ಬರ ಹಾಕಬೇಡಿ. ಚಿಗುರು ಬಂದ ಮೇಲೆ ನಿಧಾನವಾಗಿ ಬಿಸಿಲು ಜಾಸ್ತಿ ಮಾಡಿ. ಪೂರ್ತಿ ನೆರಳಲ್ಲೇ ಬಿಟ್ಟರೂ ಬದುಕುತ್ತದೆ, ಆದರೆ ಹೊಸ ಎಲೆಗೆ ಬಣ್ಣ ಬರುವುದಿಲ್ಲ, ಬರೀ ಹಸಿರು. ಕತ್ತರಿಸುವಾಗ ಅದರ ಹಾಲು ಬಟ್ಟೆಗೆ ತಾಗದಂತೆ ನೋಡಿಕೊಳ್ಳಿ, ಕಲೆ ಬಿಡಿಸುವುದು ಕಷ್ಟ.

ಹೊಸ ಗಿಡ ಕೊಳ್ಳುವಾಗ ಎಲೆಯ ಬಣ್ಣವನ್ನೇ ನೋಡಿ ಆರಿಸಿ. ಎಲೆಯಲ್ಲಿ ಬಿಳಿ ಇರುವ ಜಾಗದಲ್ಲಿ ಪತ್ರಹರಿತ್ತು ಇರುವುದಿಲ್ಲ, ಬಿಸಿಲಿಗೆ ಮೊದಲು ಸುಡುವುದು ಅದೇ. ಗಾಢ ಕೆಂಪು, ನೇರಳೆ ಎಲೆಗಳು ಹೆಚ್ಚು ತಡೆಯುತ್ತವೆ. ಹಾಗಾಗಿ ತಾಮ್ರಬಣ್ಣದ ಅಕಾಲಿಫಾ, ಕೆಂಪು ಆಲ್ಟರ್ನಾಂಥೆರಾ (ಪಾರ್ಕುಗಳಲ್ಲಿ ಅಂಚು ಕಟ್ಟಲು ಹಾಕುತ್ತಾರಲ್ಲ, ಅದು), ಪರ್ಪಲ್ ಹಾರ್ಟ್ ತನ್ನಿ. ಪರ್ಪಲ್ ಹಾರ್ಟ್ ಅನ್ನು ದುಡ್ಡು ಕೊಟ್ಟು ತರುವುದೂ ಬೇಡ, ಯಾರ ಮನೆಯಿಂದಾದರೂ ಒಂದು ತುಂಡು ಮುರಿದು ತಂದು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ನೀರಿಗೆ ಕೊರತೆ ಇಲ್ಲದಿದ್ದರೆ ಕೆಂಪೆಲೆಯ ಕಾಬಾಳೆ ಕೂಡ ಚೆನ್ನ.

ಕೋಲಿಯಸ್ ಈಗ ಬೇಡ. ಬೆಂಗಳೂರಿನವರ ಫೋಟೋ ನೋಡಿ ಆಸೆಯಾಗುತ್ತದೆ, ನಿಜ. ನಮ್ಮ ಕಡೆ ಅದಕ್ಕೆ ಬೆಳಗ್ಗೆ 9-10 ಗಂಟೆ ತನಕದ ಬಿಸಿಲು ಸಾಕು. ಕ್ಯಾಲೇಡಿಯಂ ಗೆಡ್ಡೆಯನ್ನು ಮಳೆ ಶುರುವಾದ ಮೇಲೆ ನೆರಳಲ್ಲಿ ಹಾಕಿ.

ನನ್ನನ್ನು ಕೇಳಿದರೆ, ಮಾಳಿಗೆ ಮೇಲೆ ಎಲೆಗಿಂತ ಬೇರುಗಳೇ ಮೊದಲು ಸಾಯುವುದು. ಕಪ್ಪು ಪ್ಲಾಸ್ಟಿಕ್ ಕುಂಡ, ಕೆಳಗೆ ಕಾದ ಸಿಮೆಂಟು. ಕುಂಡಗಳನ್ನು ಇಟ್ಟಿಗೆ ಮೇಲೆ ಎತ್ತಿಡಿ, ಒಂದಕ್ಕೊಂದು ಒತ್ತಿಡಿ, ಪಡುವಣ ಬಿಸಿಲು ಬೀಳುವ ಕಡೆ ಗೋಣಿಚೀಲ ಸುತ್ತಿ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಹರಡಿ. ನೀರು ಬೆಳಗ್ಗೆ ಬೇಗ ಹಾಕಿ. ಸಂಜೆ ಹಾಕುವುದಾದರೆ ಪೈಪಿನಲ್ಲಿ ಮೊದಲು ಬರುವ ಬಿಸಿ ನೀರನ್ನು ಹೊರಗೆ ಬಿಡಿ. ಮಧ್ಯಾಹ್ನ ಎಲೆ ಬಾಡಿದ್ದನ್ನು ನೋಡಿ ಸುಮ್ನೆ ನೀರು ಸುರಿಯಬೇಡಿ. ಬೆರಳು ಮಣ್ಣಿಗೆ ಇಳಿಸಿ ನೋಡಿ. ಹಸಿ ಇದ್ದರೆ ಸಾಮಾನ್ಯವಾಗಿ ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೋರ್‌ವೆಲ್ ನೀರಾದರೆ ಉಪ್ಪು ಕೂತು ಎಲೆಯ ಅಂಚು ಕಂದಾಗುತ್ತದೆ. ಆಗಾಗ ಕುಂಡದ ತಳದಿಂದ ಚೆನ್ನಾಗಿ ಹರಿದು ಹೋಗುವಷ್ಟು ನೀರು ಕೊಡಿ.

ಒಣ ಹವೆಯಲ್ಲಿ ಕ್ರೋಟನ್, ಅಕಾಲಿಫಾಗೆ ನುಸಿ ಕಾಟ ಜಾಸ್ತಿ. ಎಲೆ ಮಂಕಾಗಿ, ಮೇಲೆ ಸೂಜಿ ಚುಚ್ಚಿದಂಥ ಚುಕ್ಕೆ ಕಂಡರೆ ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ತಟ್ಟಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ನುಸಿಯೇ. ಎಲೆಯ ಅಡಿಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ, ಎರಡು ಮೂರು ದಿನ ಬಿಟ್ಟು ಮತ್ತೆ ಹೊಡೆಯಿರಿ. ಆಗಲೂ ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ. ಅದೂ ಬಿಸಿಲು ಇಳಿದ ಮೇಲೆಯೇ, ಇಲ್ಲದಿದ್ದರೆ ಎಲೆ ಸುಡುತ್ತದೆ.

ಇದೆಲ್ಲ ತರುವ ತನಕ ಒಂದು ಅಗಲ ಟಬ್‌ನಲ್ಲಿ ಕೆಂಪು ಹರಿವೆ ಬೀಜ ಎರಚಿ. ಬೇಸಿಗೆ ಅಂದರೆ ಅದಕ್ಕೆ ಹಬ್ಬ. ತಿಂಗಳೊಳಗೆ ಟಬ್ ತುಂಬ ಕೆಂಪಾಗುತ್ತದೆ, ಪಲ್ಯಕ್ಕೂ ಆಯ್ತು ಅಲ್ವಾ?

ಮನೆಯಲ್ಲಿ ಚಿಕ್ಕ ಮಕ್ಕಳು, ಬೆಕ್ಕು ಇದ್ದರೆ ಕ್ರೋಟನ್, ಕ್ಯಾಲೇಡಿಯಂ ಎರಡನ್ನೂ ಕೈಗೆ ಸಿಗದ ಕಡೆ ಇಡಿ. ಜಗಿದರೆ ಬಾಯಿ ಉರಿಯುತ್ತದೆ.