ಕುಲಾಂತರಿ ಅನ್ನುವ ಮಾತೇ ಎತ್ತದೆ ನಮ್ಮ ಉತ್ಪನ್ನವನ್ನು ಜನರಿಗೆ ಪರಿಚಯಿಸುವುದು ಹೇಗೆ?

ಹಸುವಿನ ಜೀನು ಸೇರಿಸಿದ ಕುಲಾಂತರಿ ಯೀಸ್ಟ್‌ನಿಂದ ಹಾಲಿನ ಪ್ರೋಟೀನ್ ತಯಾರಿಸುವ ಸ್ಟಾರ್ಟಪ್ ನಿಮ್ಮದು. ಬೆಂಗಳೂರಿನವರು ಓದಿದವರಾದರೂ ಕುಲಾಂತರಿ ಅಂದ ತಕ್ಷಣ ಹೌಹಾರುತ್ತಾರೆ, ವಿಜ್ಞಾನ ಗೊತ್ತಿಲ್ಲದವರಿಗೆ ಆ ವಿಷಯ ಹೇಳುವುದೇ ಬೇಡ ಅನ್ನಿಸುತ್ತದೆ ಎಂದು ಬರೆದಿದ್ದೀರಿ. ನಾನು ಹೇಳದೆ ಮಾರಿದವನು. ಅದರಿಂದ ಏನಾಯಿತು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ.

ನಾನು ಚೀಸ್ ಮಾಡುತ್ತಿದ್ದೆ. ಹೊಸಕೋಟೆ ಕಡೆಯ ಹಾಲು, ಮನೆ ಹಿಂದೆ ಒಂದು ಶೆಡ್ಡು, ಬಾಡಿಗೆಗೆ ಹಿಡಿದ ಕೋಲ್ಡ್ ರೂಮು. ಭಾನುವಾರ ಜಯನಗರದ ಕಡೆ ಒಂದು ಸಾವಯವ ಸಂತೆಯಲ್ಲಿ ಮೇಜು ಹಾಕುತ್ತಿದ್ದೆ. ಬಂದವರಲ್ಲಿ ಅರ್ಧ ಜನ ಬೆಲೆ ಕೇಳುವ ಮೊದಲೇ ರೆನೆಟ್ ಬಗ್ಗೆ ಕೇಳುತ್ತಿದ್ದರು. ಹಾಲು ಗಡ್ಡೆಕಟ್ಟಲು ಹಾಕುವ ಕಿಣ್ವ ಅದು. ಹಿಂದಿನಿಂದ ಅದನ್ನು ತೆಗೆಯುತ್ತಿದ್ದುದು ಹಾಲು ಕುಡಿಯುವ ಎಳೆಗರುವಿನ ನಾಲ್ಕನೇ ಹೊಟ್ಟೆಯಿಂದ, ಅಂದರೆ ಕರುವನ್ನು ಕೊಂದು. ಸಸ್ಯಾಹಾರಿ ಮನೆಯವರು ಅದನ್ನು ವಿಚಾರಿಸದೆ ಕೊಳ್ಳುವುದಿಲ್ಲ.

ಶುರುವಿನಲ್ಲಿ ನಾನು ಬಳಸಿದ್ದು ಒಂದು ಜಾತಿಯ ಬೂಷ್ಟು ತಾನಾಗಿಯೇ ಉತ್ಪಾದಿಸುವ ಕಿಣ್ವ. ಅದರಲ್ಲಿ ಯಾವ ಜೀನನ್ನೂ ಯಾರೂ ಸೇರಿಸಿರಲಿಲ್ಲ. ತಾಜಾ ಚೀಸಿಗೆ ಅದು ಸಾಕು. ತಿಂಗಳುಗಟ್ಟಲೆ ಹಣ್ಣಾಗಬೇಕಾದ ಚೆಡ್ಡರ್‌ಗೆ ಮಾತ್ರ ಆಗಿಬರಲಿಲ್ಲ. ಆ ಕಿಣ್ವ ಹಾಲಿನ ಪ್ರೋಟೀನನ್ನು ಎಲ್ಲೆಂದರಲ್ಲಿ ಕತ್ತರಿಸುತ್ತಾ ಹೋಗುತ್ತದೆ, ಆ ಚೂರುಗಳು ಕಹಿ. ಅಷ್ಟು ದಿನ ತಿರುಗಿಸಿ, ಒರೆಸಿ, ಕಾದ ಗಡ್ಡೆಯನ್ನು ಕೊಯ್ದು ನಾಲಿಗೆಗೆ ಇಟ್ಟರೆ ಹಿಂಬದಿಯಲ್ಲಿ ಹಾಗಲಕಾಯಿಯ ಕಹಿ ನಿಲ್ಲುತ್ತಿತ್ತು. ಆಗ ಕೈಮೋಸಿನ್‌ಗೆ ಬದಲಾಯಿಸಿದೆ. ಕರುವಿನ ಜೀನಿನ ಪ್ರತಿಯನ್ನು ಇನ್ನೊಂದು ಬೂಷ್ಟಿಗೋ ಯೀಸ್ಟಿಗೋ ಸೇರಿಸಿ, ಟ್ಯಾಂಕಿನಲ್ಲಿ ಬೆಳೆಸಿ, ಅದು ಹೊರಬಿಟ್ಟ ಕಿಣ್ವವನ್ನು ಶುದ್ಧಮಾಡಿ ಕೊಡುತ್ತಾರೆ. 1990ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು, ಕುಲಾಂತರಿ ವಿಧಾನದಿಂದ ಬಂದ ಆಹಾರ ಪದಾರ್ಥಗಳಲ್ಲೇ ಮೊದಲನೆಯದು. ಇದು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನನ್ನು ಒಂದೇ ಜಾಗದಲ್ಲಿ ಕತ್ತರಿಸುತ್ತದೆ. ಕಹಿ ಹೋಯಿತು, ಚೀಸ್ ನಿಜಕ್ಕೂ ಚೆನ್ನಾಯಿತು.

ಎಡವಿದ್ದು ಇಲ್ಲಿ. ಮೇಜಿನ ಮೇಲಿನ ಬೋರ್ಡಿನಲ್ಲಿ ‘ಸಂಪೂರ್ಣ ಸಸ್ಯಾಹಾರಿ, ಬೂಷ್ಟಿನಿಂದ ತೆಗೆದ ರೆನೆಟ್’ ಎಂದಿತ್ತು. ಕಿಣ್ವ ಬದಲಾಯಿಸಿದೆ, ಬೋರ್ಡು ಬದಲಾಯಿಸಲಿಲ್ಲ. ಮರೆತಿದ್ದಲ್ಲ. ಬದಲಾಯಿಸಬೇಕೇ ಬೇಡವೇ ಎಂದು ಯೋಚಿಸಿ, ಬೇಡ ಎಂದು ತೀರ್ಮಾನಿಸಿದೆ. ಹೊಸ ಕಿಣ್ವವೂ ಬೂಷ್ಟಿನಿಂದಲೇ ಬಂದದ್ದು, ಹಾಗಾಗಿ ಬೋರ್ಡಿನ ಒಂದಕ್ಷರವೂ ಸುಳ್ಳಲ್ಲ. ಅಂತಿಮ ಕಿಣ್ವದಲ್ಲಿ ಆ ಬೂಷ್ಟೂ ಉಳಿದಿರುವುದಿಲ್ಲ. ಅಪಾಯವೇ ಇಲ್ಲದ ವಿಷಯ ಹೇಳಿ ಸುಮ್ಮನೆ ಯಾಕೆ ಗಾಬರಿ ಹುಟ್ಟಿಸುವುದು? ನೀವು ಇವತ್ತು ಹಾಕಿರುವ ಲೆಕ್ಕವೇ. ಯಾರಾದರೂ ಬಿಡಿಸಿ ಕೇಳಿದರೆ ‘ಬೂಷ್ಟಿನಿಂದ ಬರೋದು, ನೈಸರ್ಗಿಕ’ ಅನ್ನುತ್ತಿದ್ದೆ. ಆ ‘ನೈಸರ್ಗಿಕ’ ನನ್ನ ಬಾಯಿಂದ ಮೊದಲ ಸಲ ಬಂದ ದಿನವೇ ನಾನು ಗೆರೆ ದಾಟಿಯಾಗಿತ್ತು. ಅದರ ಮೇಲೆ ಸಾವಯವ ನಿಯಮಗಳಲ್ಲಿ ಕುಲಾಂತರಿ ಮೂಲದ ಏನನ್ನೂ ಬಳಸುವಂತಿಲ್ಲ. ಸಂತೆಯವರು ನನಗೆ ಮೇಜು ಕೊಟ್ಟಿದ್ದೇ ಆ ಷರತ್ತಿನ ಮೇಲೆ.

ಪ್ರತಿ ವಾರ ಬರುತ್ತಿದ್ದ ಒಬ್ಬ ಅಮ್ಮ ಇದ್ದರು. ನಿವೃತ್ತ ಮೇಷ್ಟ್ರು, ಹಾಸನದ ಕಡೆಯ ಜೈನರು. ನನ್ನ ಚೀಸನ್ನು ತಾವು ತಿಂದದ್ದಲ್ಲದೆ ಮಗಳ ಮನೆ, ಬೀಗರ ಮನೆ, ಬಸದಿಯಲ್ಲಿ ಸಿಗುವ ನೆಂಟರು, ಎಲ್ಲರಿಗೂ ಹೇಳಿ ಆರ್ಡರ್ ಕೊಡಿಸುತ್ತಿದ್ದರು. ಅವರ ಅಳಿಯ ಆಹಾರ ತಂತ್ರಜ್ಞಾನ ಓದಿದವರು. ಚೀಸ್ ಬಾಯಿಗಿಟ್ಟು, ಇಷ್ಟು ಹಣ್ಣಾದರೂ ಕಹಿಯಿಲ್ಲವಲ್ಲ, ಯಾವ ರೆನೆಟ್ ಅಂತ ಕೇಳಿ ಬನ್ನಿ ಅಂದರಂತೆ. ಕೇಳಿದರು. ಅವತ್ತು ನಾನು ನಿಜ ಹೇಳಿದೆ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಜೊತೆಗೇ ವಿಷವಲ್ಲ, ಅಪಾಯವಿಲ್ಲ, ಲೋಕವೆಲ್ಲ ತಿನ್ನುತ್ತಿದೆ ಎಂದು ಶುರುಮಾಡಿದೆ.

‘ವಿಷ ಅಂತ ನಾನೆಲ್ಲಪ್ಪ ಅಂದೆ?’ ಅಂದರು. ‘ದಿನಾ ಇನ್ಸುಲಿನ್ ಚುಚ್ಚಿಕೊಳ್ತೀನಿ. ಅದೂ ಯೀಸ್ಟಿಂದಾನೇ ಬರೋದು ಅಂತ ಡಾಕ್ಟರು ಕೂರಿಸಿಕೊಂಡು ಹೇಳಿದಾರೆ. ಕರು ಸಾಯದೆ ಈ ಕೆಲಸ ಆಗುತ್ತೆ ಅನ್ನೋದಾದ್ರೆ ಅದನ್ನ ನೀನು ದೊಡ್ಡಕ್ಷರದಲ್ಲಿ ಬರೀಬೇಕಿತ್ತು. ನಾನೇ ನಾಲ್ಕು ಜನಕ್ಕೆ ವಿವರಿಸಿ ಹೇಳ್ತಿದ್ದೆ. ಈಗ ನೋಡು, ಬೀಗರ ಮನೆಯಲ್ಲಿ ನನ್ನ ಮಾತಿಗೆ ಏನು ಬೆಲೆ ಉಳೀತು?’

ನಾನು ಅಲ್ಲಿಗೂ ನಿಲ್ಲಿಸಲಿಲ್ಲ. ನಮ್ಮ ದೇಶದಲ್ಲಿ 2002ರಿಂದ ಬಿಟಿ ಹತ್ತಿ, ಅಂದ್ರೆ ಹುಳು ತಡೆಯೋಕೆ ಬ್ಯಾಕ್ಟೀರಿಯಾದ ಜೀನು ಸೇರಿಸಿದ ಹತ್ತಿ, ಬೆಳೀತಾ ಇದ್ದಾರೆ, ಆ ಹತ್ತಿಬೀಜದ ಎಣ್ಣೆಯಲ್ಲಿ ಕರಿದದ್ದನ್ನು ನಾವೆಲ್ಲ ತಿಂತಾನೇ ಇದ್ದೀವಲ್ಲಮ್ಮ ಅಂದೆ. ‘ಹಾಗಾದ್ರೆ ಅದನ್ನೂ ನಮಗೆ ಹೇಳಿಲ್ಲ ಅಂತಾಯ್ತು’ ಅಂದರು. ಈ ವಾದ ನಿಮ್ಮ ಪ್ರೆಸೆಂಟೇಷನ್‌ನಲ್ಲಿ ಇದ್ದೇ ಇರುತ್ತದೆ ಅಂತ ನನಗೆ ಗೊತ್ತು. ದಯವಿಟ್ಟು ತೆಗೆದುಹಾಕಿ.

ಆಮೇಲಿನದು ಬೇಗ ಮುಗಿಯಿತು. ಆರ್ಡರುಗಳು ನಿಂತವು, ಸಂತೆಯವರು ಮೇಜು ತೆಗೆಸಿದರು, ಕೋಲ್ಡ್ ರೂಮಿನಲ್ಲಿದ್ದ ಚೆಡ್ಡರನ್ನು ಒಂದು ಹೋಟೆಲಿಗೆ ಸಿಕ್ಕ ಬೆಲೆಗೆ ಕೊಟ್ಟೆ. ಸಂತೆಯವರ ಮೇಲೆ ನನಗೆ ಸಿಟ್ಟಿಲ್ಲ. ಆ ಅಮ್ಮನನ್ನು ಕೇಳದೆಯೇ ಅವರ ಅಭಿಪ್ರಾಯವನ್ನು ನಾನೇ ಊಹಿಸಿಕೊಂಡಿದ್ದೆನಲ್ಲ, ಅದು ಈಗಲೂ ನೋಯುತ್ತದೆ. ಆ ಚೀಸಿನ ಪರವಾಗಿ ಊರಿಗೆಲ್ಲ ಹೇಳಬಲ್ಲವರಾಗಿದ್ದರು ಅವರು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಜನ ಹೆದರುವುದು ವಿಜ್ಞಾನ ಗೊತ್ತಿಲ್ಲದ್ದಕ್ಕೆ ಎಂದು ನಮ್ಮ ಕ್ಷೇತ್ರದವರು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಇದೇ ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ಮಾಡಿದ ಇನ್ಸುಲಿನ್ ಮಾರುಕಟ್ಟೆಗೆ ತಂದಾಗ ಅದರ ವಿರುದ್ಧ ಯಾರೂ ಬೀದಿಗಿಳಿಯಲಿಲ್ಲ. ಅದೇ ಊರಿನ ಸೆಂಟ್ರಲ್ ಕಾಲೇಜಿನಲ್ಲಿ 2010ರ ಫೆಬ್ರವರಿ 6ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಬಿಟಿ ಬದನೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಕೂತಾಗ ರೈತರು ಕೂಗಾಡಿದರು. ಮೂರು ದಿನದ ಮೇಲೆ ತಡೆ ಬಿತ್ತು, ಇವತ್ತಿಗೂ ತೆರವಾಗಿಲ್ಲ. ಎರಡರಲ್ಲೂ ಇದ್ದದ್ದು ಹೊರಗಿನಿಂದ ತಂದು ಸೇರಿಸಿದ ಜೀನೇ. ಇನ್ಸುಲಿನ್ ಯಾಕೆ ಬೇಕು ಅಂತ ರೋಗಿಗೆ ಗೊತ್ತು, ಬೇಡವೆನ್ನುವ ಹಕ್ಕೂ ಅವನಿಗಿದೆ. ಬದನೆಯಲ್ಲಿ? ಅದರ ವಿಷಪರೀಕ್ಷೆಯ ಪೂರ್ಣ ವಿವರ ಸಾರ್ವಜನಿಕರ ಕೈಗೆ ಸಿಕ್ಕಿದ್ದು ಮಾಹಿತಿ ಹಕ್ಕು, ಕೋರ್ಟು ಎಂದು ಅಲೆದ ಮೇಲೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಜೀನು ಸೇರಿಸಲು ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ವಾದಿರಾಜರು ಕೊಟ್ಟ ಬೀಜವೆಂದು ಮಟ್ಟುವಿನ ಜನ ಇಂದಿಗೂ ಬಿತ್ತುವ ಬದನೆ ಅದು. ಅದನ್ನು ಮುಟ್ಟುವ ಮುಂಚೆ ಅವರನ್ನು ಒಂದು ಮಾತು ಕೇಳಬೇಕಿತ್ತು ಎನ್ನುವುದಕ್ಕೆ ಯಾವ ಪದವಿಯೂ ಬೇಕಿಲ್ಲ.

ನಾನು ಕುಲಾಂತರಿಯ ವಿರೋಧಿಯಲ್ಲ. ಬದನೆಯಲ್ಲಿ ಕುಡಿ ಮತ್ತು ಕಾಯಿ ಕೊರಕ ಹುಳುವಿಗೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಎಂದು ಮಾಲೂರಿನ ಕಡೆ ಹೊಲದಲ್ಲಿ ನಿಂತು ನೋಡಿದ್ದೇನೆ. ಬಾಂಗ್ಲಾದೇಶ 2013ರಲ್ಲೇ ಬಿಟಿ ಬದನೆಗೆ ಅನುಮತಿ ಕೊಟ್ಟಿತು. ಆದರೆ ನಮ್ಮಲ್ಲಿ ಗುಲಾಬಿ ಕಾಯಿಕೊರಕ ಹುಳು ಬಿಟಿ ಹತ್ತಿಗೆ ಜಗ್ಗದಂತಾಗಿರುವುದೂ ನಿಜ. ರೈತ ಈ ಪ್ರಶ್ನೆ ಎತ್ತಿದರೆ ಅದನ್ನು ಅಜ್ಞಾನ ಎನ್ನಲಾಗದು.

ಹೆದರುವವರೇ ಹೆಚ್ಚು ಎಂದು ಸಮೀಕ್ಷೆಗಳನ್ನು ತೋರಿಸುತ್ತೀರಿ. 2020ರಲ್ಲಿ ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 20 ದೇಶಗಳ ಲೆಕ್ಕ ಪ್ರಕಟಿಸಿತಲ್ಲ, ಕುಲಾಂತರಿ ಆಹಾರ ಸುರಕ್ಷಿತವಲ್ಲ ಎಂದವರ ಪ್ರಮಾಣದ ಮಧ್ಯಾಂಕ (ಮೀಡಿಯನ್) ಶೇ. 48, ಸುರಕ್ಷಿತ ಎಂದವರದು ಶೇ. 13. ‘ಹೇಳುವಷ್ಟು ನನಗೆ ತಿಳಿದಿಲ್ಲ’ ಎಂದವರು ಶೇ. 37 ಇದ್ದರು. ನೀವು ಮುಚ್ಚಿಟ್ಟರೆ ಈ 37ರವರನ್ನು ನೀವಾಗಿಯೇ ಆ 48ರ ಕಡೆಗೆ ತಳ್ಳುತ್ತೀರಿ.

ಪ್ಯಾಕೆಟ್ಟಿನ ಹಿಂಬದಿ ಇರುವೆ ಗಾತ್ರದ ಅಕ್ಷರದಲ್ಲಿ ಬೇಡ, ಮುಂದುಗಡೆಯೇ ಬರೆಯಿರಿ: ಹಸುವಿನ ಜೀನಿನ ಪ್ರತಿಯನ್ನು ಯೀಸ್ಟಿಗೆ ಸೇರಿಸಿ ಮಾಡಿದ ಹಾಲಿನ ಪ್ರೋಟೀನ್, ಇದರಲ್ಲಿ ಯೀಸ್ಟ್ ಉಳಿದಿಲ್ಲ, ಯಾವ ಹಸುವಿನ ಹಾಲನ್ನೂ ಕರೆದಿಲ್ಲ. ಹಣ ಹಾಕಿದವರು ಬೇಡ ಅಂದರೆ ಅವರ ಜೊತೆ ಈಗಲೇ ಜಗಳವಾಡಿ, ಮಾರಾಟ ಶುರುವಾದ ಮೇಲೆ ಆಗುವುದಿಲ್ಲ. ಇದರಲ್ಲಿ ಮರ್ಯಾದೆಯ ಪ್ರಶ್ನೆಗಿಂತ ದೊಡ್ಡದೂ ಒಂದಿದೆ. ಹಸು ಕೊಟ್ಟರೂ ಯೀಸ್ಟ್ ಕೊಟ್ಟರೂ ಅದು ಅದೇ ಪ್ರೋಟೀನ್, ಆದ್ದರಿಂದ ಹಾಲಿನ ಅಲರ್ಜಿ ಇರುವ ಮಗುವಿಗೆ ಎರಡೂ ಒಂದೇ. ‘ಹಸುವಿನದಲ್ಲ’ ಅಂತಷ್ಟೇ ಓದಿದ ತಾಯಿ ಧೈರ್ಯವಾಗಿ ಆ ಮಗುವಿಗೆ ತಿನ್ನಿಸಿಬಿಡುತ್ತಾಳೆ. ಹಾಲಿನ ಅಲರ್ಜಿಯ ಎಚ್ಚರಿಕೆಯನ್ನು ಅದೇ ಸಾಲಿನ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಡಿಸೈನ್ ಮಾಡುವವರು ಜಾಗ ಸಾಲದು ಅಂದರೆ ಹಸುವಿನ ಚಿತ್ರವನ್ನು ತೆಗೆದುಹಾಕಿಸಿ.