ಅಂಕಿತ ಇತ್ತು, ವಚನ ಇರಲಿಲ್ಲ

ದಾವಣಗೆರೆಯ ಓದುಗರೊಬ್ಬರು ಸಿಟ್ಟಿನಲ್ಲಿ ಬರೆದಿದ್ದಾರೆ: "ಕಾಯಕದ ಬಗ್ಗೆ ನನ್ನ ಮಗಳು ಬರೆದ ಲೇಖನವನ್ನು, ಎಐ ಬಳಸಿದ್ದಾಳೆ ಅಂತ ವಾಪಸ್ ಕಳಿಸಿದ್ದೀರಿ. ಕ್ಯಾಲ್ಕುಲೇಟರ್ ಬಂದಾಗಲೂ ಹಿರಿಯರು ಹೀಗೇ ಹೆದರಿದ್ದರು. ಹೊಸದೆಂದರೆ ನಿಮಗೆ ಅಷ್ಟು ಭಯವೇ?"

ಭಯ ಏನಿಲ್ಲ ಸ್ವಾಮಿ. ಉದ್ದುದ್ದ ವರದಿಗಳ ಸಾರ ತೆಗೆಯೋಕೆ ನಾವೂ ಅದನ್ನು ಬಳಸುತ್ತೇವೆ. ಲೇಖನ ವಾಪಸ್ ಬಂದದ್ದು ಅದರೊಳಗಿದ್ದ ಒಂದು ವಚನದಿಂದ. ಬಸವಣ್ಣನವರ ಹೆಸರಿತ್ತು, ಕೊನೆಗೆ 'ಕೂಡಲಸಂಗಮದೇವಾ' ಅಂತ ಅಂಕಿತವೂ ಇತ್ತು. ಓದಲು ಇಂಪಾಗಿಯೇ ಇತ್ತು ಅನ್ನಿ. ಆದರೆ ಎರಡನೇ ಸಾಲಿನಲ್ಲಿ 'ಮನದ ಒತ್ತಡ' ಅಂತ ಬಂತು ನೋಡಿ, ಅಲ್ಲಿ ಕಾಲು ಎಡವಿತು. ಅದು ನಮ್ಮ ಕಾಲದ ಆಫೀಸಿನ ಮಾತಲ್ವಾ?

ಸರ್ಕಾರ ಹೊರತಂದಿರುವ ಸಮಗ್ರ ವಚನ ಸಂಪುಟ 15 ಸಂಪುಟಗಳದ್ದು, ಮೊದಲನೆಯದು ಬಸವಣ್ಣನವರದ್ದು. ಅದನ್ನು ಇಟ್ಟುಕೊಂಡು ನಾನೂ ನಮ್ಮ ಉಪಸಂಪಾದಕರೂ ಅರ್ಧ ದಿನ ಹುಡುಕಿದೆವು. ಇರಲಿಲ್ಲ. ಸರಿ, ಎಐಯನ್ನೇ ಕೇಳೋಣ ಅಂತ 'ಇದು ಎಷ್ಟನೇ ವಚನ?' ಅಂದೆವು. ತಡಮಾಡದೆ ಒಂದು ಸಂಖ್ಯೆ ಕೊಟ್ಟಿತು. ತೆಗೆದು ನೋಡಿದರೆ ಅಲ್ಲಿ ಬೇರೆಯದೇ ವಚನ. ಹಾಗಲ್ಲವಲ್ಲ ಅಂದರೆ ಕ್ಷಮೆ ಕೇಳಿ ಇನ್ನೊಂದು ಸಂಖ್ಯೆ ಕೊಟ್ಟಿತು, ಅದೂ ತಪ್ಪು.

ಅದು ಬೇಕಂತ ಸುಳ್ಳು ಹೇಳುತ್ತಿಲ್ಲ. ಕೋಟ್ಯಂತರ ಪುಟ ಓದಿಸಿ ಅದಕ್ಕೆ ಕಲಿಸಿರುವುದು ಯಾವ ಪದದ ತುಂಡಿನ ಮುಂದೆ ಯಾವ ತುಂಡು ಬರಬಹುದು ಅನ್ನುವುದನ್ನು. ಪುಸ್ತಕ ತೆಗೆದು ನೋಡಿಕೊಂಡು ಹೇಳುತ್ತಿದೆ ಅಂತ ನಮಗೆ ಅನಿಸುತ್ತೆ, ಆದರೆ ಹುಡುಕಾಟದ ಸೌಲಭ್ಯ ಜೊತೆಗಿಲ್ಲದಾಗ ಅದು ಏನನ್ನೂ ನೋಡಿರುವುದಿಲ್ಲ. ಅಂಕಿತ ಸಾವಿರಾರು ಸಲ ಅದೇ ಜಾಗದಲ್ಲಿ ಬರುವುದರಿಂದ ಅದಂತೂ ತಪ್ಪುವುದೇ ಇಲ್ಲ. ನಾವೋ, ವಚನಕಾರರನ್ನು ಗುರುತು ಹಿಡಿಯುವುದೇ ಅಂಕಿತದಿಂದ! ಮೋಸ ಹೋಗದೆ ಏನಾದೀತು?

ನಾವಷ್ಟೇ ಅಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ವಿಮಾನ ಕಂಪನಿಯೊಂದರ ಮೇಲಿನ ದಾವೆಯಲ್ಲಿ ಚಾಟ್‌ಜಿಪಿಟಿ ಕೊಟ್ಟ ಹಳೇ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. ಕೇಸಿನ ಹೆಸರು, ನ್ಯಾಯಾಧೀಶರ ಹೆಸರು ಎಲ್ಲ ಥೇಟ್ ಇರಬೇಕಾದ ಹಾಗೇ ಇದ್ದವು. ಇದು ನಿಜವಾದ ಕೇಸಾ ಅಂತ ವಕೀಲರು ಅದನ್ನೇ ಕೇಳಿದ್ದರಂತೆ, ಹೌದು ಅಂದಿತ್ತಂತೆ. ಬಿದ್ದ ದಂಡ 5,000 ಡಾಲರ್. ನಿಮ್ಮ ಕ್ಯಾಲ್ಕುಲೇಟರ್ ಹಾಗೆ ಮಾಡಲ್ಲ, ಏಳೆಂಟ್ಲಿ ಅಂದರೆ ಇವತ್ತೂ 56, ನಾಳೆಯೂ 56.

ಹಾಗಂತ ಎಲ್ಲ ತಪ್ಪನ್ನೂ ಎಐ ತಲೆಗೆ ಕಟ್ಟುವುದೂ ಸರಿಯಲ್ಲ. ಇನ್ನೊಬ್ಬರ ಅಂಕಿತ ಹಾಕಿ ವಚನ ಸೇರಿಸುವ ಚಾಳಿ ಓಲೆಗರಿಯ ಕಾಲದ್ದೇ. 1923ರಲ್ಲಿ ವಚನಶಾಸ್ತ್ರಸಾರ ತಂದ ಫ.ಗು. ಹಳಕಟ್ಟಿಯವರ ಥರದವರು ಊರೂರಿನ ಓಲೆಗರಿ ಕೂಡಿಸಿದರು, ಆಮೇಲಿನವರು ಪ್ರತಿಗೆ ಪ್ರತಿ ಇಟ್ಟು ನೋಡಿ ಕಾಳು ಜೊಳ್ಳು ಬೇರೆ ಮಾಡಿದರು. ಆದರೆ ಅವರು ನೋಡಬೇಕಿದ್ದದ್ದು ಕಟ್ಟುಗಟ್ಟಲೆ. ಈಗ ಅರ್ಧ ನಿಮಿಷಕ್ಕೊಂದು ಹೊಸ ವಚನ ಹುಟ್ಟುತ್ತೆ.

ಅಂದ ಹಾಗೆ, ಲೇಖನದಲ್ಲಿ ನಿಮ್ಮ ತಾಯಿ ರೊಟ್ಟಿ ತಟ್ಟುತ್ತಾ ಲೆಕ್ಕ ಹೇಳುತ್ತಿದ್ದ ಭಾಗವನ್ನು ಮಗಳೇ ಬರೆದಿರಬೇಕು. ನಮಗೆ ತುಂಬಾ ಹಿಡಿಸಿತು. ಆ ವಚನ ತೆಗೆದು, ಸಂಪುಟದಿಂದ ತಾನೇ ಹುಡುಕಿದ ಒಂದನ್ನು ಸಂಖ್ಯೆ ಸಮೇತ ಹಾಕಿ ಕಳಿಸಲು ಹೇಳಿ. 20ನೇ ತಾರೀಖಿನೊಳಗೆ ಬಂದರೆ ಮುಂದಿನ ಸಂಚಿಕೆಗೇ ತಗೋತೇವೆ.