ಓದುಗರ ಪ್ರಶ್ನೆ: ಕೋಡಿಯಿಲ್ಲದ ಕೆರೆಯ ಉಪ್ಪು

ಪ್ರಶ್ನೆ: ಕೆನಡಾದ ‘ಸ್ಪಾಟೆಡ್ ಲೇಕ್’ ಫೋಟೊ ನೋಡಿದೆ. ನೀರು ಅಷ್ಟೊಂದು ಬಿಲ್ಲೆಗಳಾಗಿ ಒಡೆಯುವುದು ಹೇಗೆ? ಇಂಥ ಜಾಗದಲ್ಲಿ ವಿಜ್ಞಾನಿಗಳ ಜೊತೆ ಕಲಾವಿದರಿಗೆ ಏನು ಕೆಲಸ?
– ಪದವಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬ್ರಿಟಿಷ್ ಕೊಲಂಬಿಯಾದ ಒಸೊಯೂಸ್ ಬಳಿಯ ಈ ಕೆರೆಗೆ ಕೋಡಿಯೇ ಇಲ್ಲ. ಮಳೆ, ಹಿಮ, ಅಂತರ್ಜಲ ಹೊತ್ತು ತಂದ ಲವಣವೆಲ್ಲ ಒಳಗೇ ಉಳಿಯುತ್ತದೆ. ಬೇಸಿಗೆಯಲ್ಲಿ ನೀರು ಆವಿಯಾದಾಗ ಮೆಗ್ನೀಷಿಯಂ, ಕ್ಯಾಲ್ಸಿಯಂ, ಸೋಡಿಯಂ ಸಲ್ಫೇಟುಗಳು ಗಟ್ಟಿಯಾಗಿ ಗದ್ದೆಯ ಬದುವಿನಂತೆ ಏಳುತ್ತವೆ. ನಡುವೆ ಉಳಿದ ಗುಂಡಿಗಳೇ ಆ ಬಿಲ್ಲೆಗಳು. ಒಂದೊಂದರಲ್ಲಿ ಲವಣದ ಪ್ರಮಾಣ ಒಂದೊಂದು ಬಗೆ, ಹಾಗಾಗಿ ಬಣ್ಣವೂ ಬೇರೆ: ಬಿಳಿ, ತಿಳಿಹಳದಿ, ಹಸಿರು, ನೀಲಿ. ಮಂಗಳ ಗ್ರಹದ ಮೇಲೂ ಮೆಗ್ನೀಷಿಯಂ ಸಲ್ಫೇಟ್ ಸಿಕ್ಕಿರುವುದರಿಂದ ಸೂಕ್ಷ್ಮಜೀವಿ ತಜ್ಞರು ಈ ಕೆಸರನ್ನು ಆಸಕ್ತಿಯಿಂದ ಅಧ್ಯಯನ ಮಾಡಿದ್ದಾರೆ.

ಕಲಾವಿದರ ಕೆಲಸ ಬಣ್ಣದಿಂದಲೇ ಶುರು. ಮೊಬೈಲ್ ಕ್ಯಾಮೆರಾ ತಾನೇ ಬಣ್ಣ ತಿದ್ದುತ್ತದೆ. ನಿನ್ನೆ ಹಸಿರಾಗಿದ್ದ ಗುಂಡಿ ಇವತ್ತು ನೀಲಿಯಾಗಿ ಕಂಡರೆ ಬದಲಾದದ್ದು ನೀರೋ ಕ್ಯಾಮೆರಾವೋ ಹೇಳಲಾಗದು. ಅದಕ್ಕೇ ಆಮೇಲೆ ಬಣ್ಣ ಹೋಲಿಸಿ ನೋಡಲು ಚೌಕಟ್ಟಿನೊಳಗೆ ಬೂದು ಬಣ್ಣದ ಕಾರ್ಡ್ ಇಟ್ಟು, ಒಂದೇ ಜಾಗ, ಒಂದೇ ಗಂಟೆ, ಒಂದೇ ಕೋನದಿಂದ ಚಿತ್ರ ತೆಗೆಯಬೇಕು. ಗುಂಡಿಗೆ ನಂಬರ್ ಕೊಟ್ಟು, ಎದುರಿಗೇ ಕುಳಿತು ಜಲವರ್ಣ ಬೆರೆಸಿ ಅದೇ ಛಾಯೆಯನ್ನು ಕಾಗದಕ್ಕೆ ಹಚ್ಚಿದರೆ ಅದೂ ದಾಖಲೆಯೇ.

ಲವಣ ಅಳೆಯುವವರೂ ಇಲ್ಲಿ ಎಡವುವುದುಂಟು. ಇಷ್ಟು ಗಟ್ಟಿ ಉಪ್ಪುನೀರಿಗೆ ನೀರಲ್ಲಿ ಕರಗಿದ ಲವಣ ತೋರಿಸುವ ಸಾಮಾನ್ಯ ಟಿಡಿಎಸ್ ಮೀಟರ್ ಸಾಲದು. ಡಿಸ್ಟಿಲ್ಡ್ ವಾಟರ್‌ನಲ್ಲಿ 100 ಪಟ್ಟು ತೆಳುಮಾಡಿ ನೋಡಬೇಕು. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ರಿಫ್ರ್ಯಾಕ್ಟೊಮೀಟರ್‌ಗೆ ಅಡುಗೆ ಉಪ್ಪಿನ ಗುರುತು ಹಾಕಿದ್ದರೆ ಅದು ಸಲ್ಫೇಟಿಗೆ ತಪ್ಪು ಅಂಕಿ ಕೊಡುತ್ತದೆ. 105 ಡಿಗ್ರಿಯಲ್ಲಿ ಒಣಗಿಸಿ ತೂಗಿದರೆ ಮೆಗ್ನೀಷಿಯಂ ಸಲ್ಫೇಟ್ ತನ್ನ ಹರಳಿನೊಳಗೆ ಸೇರಿಕೊಂಡ ನೀರನ್ನು ಪೂರ್ತಿ ಬಿಡುವುದಿಲ್ಲ, ತೂಕ ಹೆಚ್ಚು ಬರುತ್ತದೆ. 180 ಡಿಗ್ರಿಯಲ್ಲಿ ಒಣಗಿಸಿದರೆ ಬಹುಪಾಲು ಹೋಗುತ್ತದೆ.

ಪ್ರಶ್ನೆ: ಆ ಕೆರೆಯ ಉಪ್ಪು ತರಿಸಿ ಮಕ್ಕಳಿಂದ ಹರಳಿನ ಚಿತ್ರ ಮಾಡಿಸುವ ಆಸೆ. ವ್ಯಾಂಕೂವರ್‌ನಲ್ಲಿ ತಮ್ಮ ಇದ್ದಾನೆ. ತರಬಹುದೇ?
– ಚಿತ್ರಕಲಾ ಶಿಕ್ಷಕಿ, ಶಿರಸಿ

ಉತ್ತರ: ಬೇಡ, ದಯವಿಟ್ಟು ತರಿಸಬೇಡಿ. ಅಲ್ಲಿನ ಮೂಲನಿವಾಸಿಗಳಾದ ಸೀಯಿಲ್ಖ್ ಒಕನಾಗನ್ ಜನಕ್ಕೆ ಅದು ‘ಕ್ಲಿಲುಕ್’, ರೋಗ ವಾಸಿಮಾಡುವ ಪವಿತ್ರ ನೀರು. ಮೊದಲ ಮಹಾಯುದ್ಧದಲ್ಲಿ ಮದ್ದುಗುಂಡಿಗಾಗಿ ಅಲ್ಲಿನ ಲವಣ ಬಾಚಿದರು. 1979ರಲ್ಲಿ ಸ್ಪಾ ಕಟ್ಟುವ ಯೋಚನೆ ಬಂತು. 2001ರಲ್ಲಿ 22 ಹೆಕ್ಟೇರ್ ಜಾಗವನ್ನು 7,20,000 ಡಾಲರಿಗೆ ಕೊಂಡ ಮೇಲೆಯೇ ಅದು ಮೂಲನಿವಾಸಿಗಳ ಕೈಗೆ ಮರಳಿದ್ದು. ಈಗ ಬೇಲಿ ಇದೆ, ಹೆದ್ದಾರಿಯಿಂದಲೇ ನೋಡಬೇಕು. ಕಲಾವಿದರಾಗಲಿ ವಿಜ್ಞಾನಿಗಳಾಗಲಿ, ಒಳಗೆ ಕಾಲಿಡಲು ಆ ಜನರ ಒಪ್ಪಿಗೆ ಬೇಕು. ನಮ್ಮ ದೇವರಕಾಡಿನಿಂದ ಒಂದು ಸೌದೆ ತರಲು ಹಿಂಜರಿಯುವ ನಾವು ಇದನ್ನು ಬಿಡಿಸಿ ಹೇಳಿಸಿಕೊಳ್ಳಬೇಕಿಲ್ಲ.

ಅದೇ ಮೆಗ್ನೀಷಿಯಂ ಸಲ್ಫೇಟ್ ನಿಮ್ಮೂರಿನ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ, ಅಡಿಕೆ ತೋಟದವರನ್ನು ಕೇಳಿ ನೋಡಿ. 100 ಮಿ.ಲೀ. ನೀರು ಕುದಿಸಿ, ಒಲೆ ಆರಿಸಿ, 120 ಗ್ರಾಂ ಹಾಕಿ ಕಲಕಿ. ಗೊಬ್ಬರದ ಉಪ್ಪಿನಲ್ಲಿ ಮಣ್ಣಿರುತ್ತದೆ. ಬಿಸಿಯಿದ್ದಾಗಲೇ ಹತ್ತಿಯಲ್ಲಿ ಸೋಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ತೊಟ್ಟು ಬೆರೆಸಿ, ಇಲ್ಲದಿದ್ದರೆ ದ್ರಾವಣ ಗಾಜಿನ ಮೇಲೆ ಹನಿಹನಿಯಾಗಿ ಮುದುಡುತ್ತದೆ. 10 ಸೆಂ.ಮೀ. ಚೌಕದ ಗಾಜಿಗೆ ಒಂದು ಟೀ ಚಮಚ ಹರಡಿ, ಕೆಳಗೆ ಕಪ್ಪು ಕಾಗದ ಇಟ್ಟು, ಗಾಳಿಯಾಡದ ಮೂಲೆಯಲ್ಲಿ ಬಿಡಿ. ಫ್ಯಾನ್ ಹಾಕಿದರೆ ಸೂಜಿಯಂಥ ಹರಳುಗಳ ಬದಲು ಬರೀ ಹಿಟ್ಟಿನಂಥ ಪದರ ಕೂರುತ್ತದೆ.

ಗಂಟೆಗಟ್ಟಲೆ ಕಾದರೂ ಪಾಕದಂತೆ ಅಂಟಂಟಾಗಿಯೇ ಇದ್ದರೆ ಮೂಲೆಗೆ ಅದೇ ಮೆಗ್ನೀಷಿಯಂ ಸಲ್ಫೇಟಿನ ಒಂದು ಕಾಳು ಮುಟ್ಟಿಸಿ. ಅಲ್ಲಿಂದ ಸೂಜಿಗಳು ಬೀಸಣಿಗೆ ಬಿಚ್ಚಿದ ಹಾಗೆ ಕಣ್ಣೆದುರೇ ಓಡುತ್ತವೆ. ಮಕ್ಕಳನ್ನು ಆ ಹೊತ್ತಿಗೆ ಸುತ್ತ ಕೂರಿಸಿಕೊಳ್ಳಿ. ಒಣಹವೆಯಲ್ಲಿ ಒಂದೆರಡು ದಿನಕ್ಕೆ ಹರಳು ಸುಣ್ಣದಂತೆ ಬೆಳ್ಳಗಾದರೆ ಅದು ಒಳಗಿನ ನೀರು ಕಳೆದುಕೊಂಡಿದೆ ಎಂದರ್ಥ. ಆದ್ದರಿಂದ ಸಿದ್ಧವಾದ ಕೂಡಲೇ ಅಂಚಿಗೆ ತೆಳು ರಟ್ಟು ಕೊಟ್ಟು, ಮೇಲೊಂದು ಗಾಜು ಮುಚ್ಚಿ, ಸುತ್ತ ಟೇಪ್ ಸುತ್ತಿ.

ಪ್ರಶ್ನೆ: ಭಾರತದಲ್ಲಿ ಇಂಥ ಕೆರೆ ಇದೆಯೇ?
– ಓದುಗರು, ಬೀದರ್

ಉತ್ತರ: ನಿಮ್ಮ ನೆರೆಯ ಮಹಾರಾಷ್ಟ್ರದ ಲೋಣಾರ್. ಉಲ್ಕೆ ಬಿದ್ದು ಕಪ್ಪುಶಿಲೆಯಲ್ಲಿ ಆದ ಹಳ್ಳ, ದಂಡೆಯಲ್ಲಿ ಹಳೆಯ ದೇವಾಲಯಗಳು. ಅಲ್ಲಿಯದು ಸಲ್ಫೇಟ್ ಅಲ್ಲ, ಸೋಡಾ. 2020ರ ಜೂನಿನಲ್ಲಿ ನೀರು ಗುಲಾಬಿಯಾದದ್ದು ಉಪ್ಪು ಪ್ರಿಯ ಸೂಕ್ಷ್ಮಜೀವಿಗಳಿಂದ. ಶಿರಸಿಯ ಮೇಡಂ ಅವರ ಗಾಜಿನ ಮೇಲೆ ವಾಷಿಂಗ್ ಸೋಡಾ ದ್ರಾವಣದ ಒಂದು ಗೆರೆ ಎಳೆದು ನೋಡಿ: ಎರಡು ಲವಣ ಕೂಡಿದ ಕಡೆ ಹಾಲಿನಂತೆ ಬಿಳಿ ಗಸಿ ಕೂರುತ್ತದೆ.